ತೂಬಿನ ಕೀಲಿ

ಗುರುವಾರ, ಮಾರ್ಚ್ ೯

ಮೂರು ತಲೆಮಾರಿನಿಂದ ಊರಿನ ಈಜುಕೊಳ ನೋಡಿಕೊಂಡು ಬಂದ ಮನೆಯ ಹಿರಿಯಳು ನಾನು. ಇಲ್ಲಿನ ಅರ್ಧ ಜನ ನನ್ನ ಬೈಗುಳಕ್ಕೆ ಹೆದರಿಯೇ ಈಜು ಕಲಿತರು.

ಇಂದು ಸಂಜೆ ನಗರಸಭೆಯ ಎಂಜಿನಿಯರ್ ಕೊಳದ ಬಳಿಗೆ ಬಂದ. "ಅಜ್ಜೀ, ನಾಳೆ ನೀರು ಖಾಲಿ ಮಾಡ್ತೀವಿ. ಕೊಳ ಉಳಿಸೋದೋ ಕೆಡವೋದೋ ಆಮೇಲೆ ನೋಡೋಣ."

ನೀರು ಹೊರಗೆ ಬಿಟ್ಟರೆ ನೂರು ವರ್ಷದ ಗೋಡೆ ಒಳಕ್ಕೆ ಕುಸಿಯುತ್ತದೆ ಎಂದು ಮಾವನವರು ಸಾಯುವವರೆಗೂ ಹೇಳುತ್ತಿದ್ದರು. ಆಮೇಲೆ ನೋಡಲು ಉಳಿಯುವುದೇನು? ತೂಬು ತೆರೆಯುವ ಕೀಲಿ ಇರುವುದು ಒಂದೇ, ಅದು ನನ್ನ ಸೊಂಟದಲ್ಲಿತ್ತು.

"ನಿಂಗೆ ಈಜು ಬರುತ್ತೇನೋ?"

"ಎಲ್ಲಿ ಅಜ್ಜೀ! ನೀವು ಬೈದ್ರಿ ಅಂತ ಮೊದಲ ದಿನಾನೇ ಅಳ್ತಾ ಓಡಿಹೋದೋನು ನಾನೇ ಅಲ್ವಾ?"

ಪಾಪ, ಅವನೇ. ಆ ಮೂಗು ಇನ್ನೂ ಹಾಗೇ ಇದೆ.

ಅವನೆದುರೇ ಕೀಲಿಯನ್ನು ಹನ್ನೆರಡಡಿ ಆಳಕ್ಕೆ ಎಸೆದೆ. "ಬೆಳಿಗ್ಗೆ ಆರಕ್ಕೆ ಬಾ, ಕಲಿಸ್ತೀನಿ. ಕಲಿತ ಮೇಲೆ ನೀನೇ ಎತ್ಕೋ," ಎಂದು ಹೇಳಿ ಬಂದಿದ್ದೇನೆ.