ಬಲಗಡೆಯ ಗಿಳಿ

ದೊಡ್ಡಬಳ್ಳಾಪುರ
12 ಜನವರಿ 2025, ಭಾನುವಾರ

ಮುದ್ದಿನ ಅಕ್ಷತಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ನಿನ್ನ ಡಿಸೈನ್ ನನ್ನ ಫೋನಿಗೆ ಬಂದು ವಾರವಾಯಿತು. "ಚೆನ್ನಾಗಿದೆ" ಎಂದಷ್ಟೇ ಹೇಳಿ ಸುಮ್ಮನಾದೆನೆಂದು ನಿನಗೆ ಕೋಪ ಬಂದಿರಬೇಕು. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಪಕ್ಕದ ಮನೆ ಪವಿತ್ರ ನಾಳೆ ಬೆಂಗಳೂರಿಗೆ ಹೊರಟಿದ್ದಾಳೆ, ಎಳ್ಳುಬೆಲ್ಲದ ಜೊತೆ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊನ್ನೆ ಗಂಗಣ್ಣನ ಮಗ್ಗದ ಮನೆಗೆ ಹೋಗಿದ್ದೆ. ನಿನ್ನ ಮದುವೆಯ ಸೀರೆ ನೇಯುವವನು ಅವನೇ ತಾನೆ! ನಿನ್ನ ಡಿಸೈನ್ ನೋಡಿ ಕುಣಿದಾಡಿಬಿಟ್ಟ. "ವಾಣಕ್ಕ, ನೀನು ವಾರಗಟ್ಲೆ ಬಗ್ಗಿ ಕೂತು ಬರೀತಿದ್ದಿದ್ದನ್ನ ಹುಡುಗಿ ಒಂದೇ ದಿನದಲ್ಲಿ ಮಾಡ್ಬಿಟ್ಟವ್ಳೆ! ಹಬ್ಬ ಆದ್ಮೇಲೆ ಇದನ್ನ ನೋಡ್ಕೊಂಡು ಮಗ್ಗದ ಕಾರ್ಡಿಗೆ ತೂತು ಹೊಡಿಸ್ತೀನಿ. ಆಮೇಲೆ ಬದಲಾಯಿಸೋಕಾಗಲ್ಲ, ಏನಿದ್ರೂ ಈಗ್ಲೇ ಹೇಳ್ಬಿಡು" ಎಂದ.

ಸೆರಗಿನ ಡಿಸೈನ್ ಬರೆದಿದ್ದ ನನ್ನ ಹಳೆಯ ಗ್ರಾಫ್ ಹಾಳೆಯನ್ನು ಸ್ಕ್ಯಾನ್ ಮಾಡುವಾಗ "ಗಿಳಿ ಯಾಕಮ್ಮ ಕೆಂಪಗಿದೆ?" ಎಂದು ನೀನು ನಕ್ಕಿದ್ದೆ. ನಗು, ನಗು. ನಮಗೆ ಹಾಳೆಯ ಬಣ್ಣವೇ ಬೇರೆ, ಸೀರೆಯ ಬಣ್ಣವೇ ಬೇರೆ. ಕೆಂಪು ಬಳಿದಿದ್ದರೆ ಅಲ್ಲಿ ಜರಿ ಬರಬೇಕು ಎಂದರ್ಥ, ಅಷ್ಟೇ. ಇಷ್ಟನ್ನು ಹೇಳಿಕೊಡುವ ಮೊದಲು ನಮಗೆ ಡಿಸೈನ್ ಕಲಿಸಿದ ಆದಿನಾರಾಯಣಪ್ಪ ಮೇಷ್ಟ್ರು ಎಷ್ಟು ದಿನ ಬರೀ ಕುಂಚ ತೊಳೆಸಿದರೋ! ಒಂದೊಂದೇ ಚೌಕ ತುಂಬಬೇಕು, ತಪ್ಪಿದರೆ ಬ್ಲೇಡಿನಲ್ಲಿ ಕೆರೆಯಬೇಕು. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಳ್ಳುತ್ತಿದ್ದೆವು. ಸಂಜೆ ಮನೆಗೆ ಹೋದರೆ ನಿನ್ನ ಅಜ್ಜಿ, "ಯಾರ ಮನೇಲೇ ಎಲೆ ಅಡಿಕೆ ಹಾಕ್ಕೊಂಡ್ ಬಂದೆ?" ಎಂದು ಬೈಯುತ್ತಿದ್ದಳು. ಕತ್ತು ಹಿಡಿದುಕೊಳ್ಳುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆ ಕಷ್ಟ ನಿನಗಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂತೋಷ. ಆದರೂ ಆ ದಿನಗಳು ಮತ್ತೆ ಬೇಕೆನಿಸುತ್ತದೆ, ಏನು ಮಾಡಲಿ.

ಸೆರಗಿನ ಹಾಳೆ ಅಗಲವಾದದ್ದು. ಹಾಗಾಗಿ ಮೇಷ್ಟ್ರು ಅದಕ್ಕೆ ಇಬ್ಬರನ್ನು ಎದುರುಬದುರು ಕೂರಿಸುತ್ತಿದ್ದರು. ಎಡಗಡೆಯ ಗಿಳಿ ನನ್ನದು, ಬಲಗಡೆಯದು ಎದುರು ಕೂತವರದು. ಅವರಿಗೆ ಯಾವಾಗಲೂ ಅವಸರ. ಗೆರೆ ದಾಟಿ ಬಣ್ಣ ತುಂಬಿಬಿಡುತ್ತಿದ್ದರು, ಗಿಳಿಗೆ ಹೊಟ್ಟೆ ಬರುತ್ತಿತ್ತು. "ಏನಪ್ಪಾ, ನಿನ್ನ ಗಿಳಿ ಸೀಬೆ ತೋಟಕ್ಕೆ ನುಗ್ಗಿ ಬಂದೈತೆ, ಅವಳ್ದು ಪಾಪ ಉಪವಾಸ ಕೂತೈತೆ" ಎನ್ನುತ್ತಿದ್ದರು ಮೇಷ್ಟ್ರು. ನಾನು ತಲೆ ಬಗ್ಗಿಸಿಕೊಂಡು ನಗುತ್ತಿದ್ದೆ.

ನೀನು ನನ್ನ ಗಿಳಿಯನ್ನು ಇಟ್ಟುಕೊಂಡು ಮಿರರ್ ಒತ್ತಿದೆ. "ಬಲಗಡೇದು ಸರಿಯಿಲ್ಲಮ್ಮ, ಹೊಟ್ಟೆ ಊದ್ಕೊಂಡಿದೆ, ತೆಗೆದ್ಹಾಕ್ದೆ" ಎಂದೆ. ಕಂಪ್ಯೂಟರಿಗೆ ಒಂದು ಗಿಳಿ ಸಾಕಂತೆ. ಈಗ ಎರಡೂ ಒಂದೇ ಸಮ, ಒಂದು ಚೌಕವೂ ಹೆಚ್ಚುಕಡಿಮೆಯಿಲ್ಲ. ತಪ್ಪು ಹುಡುಕಲು ಏನೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಸ್ಟೆಲಿನ ಸಾರು ಸಪ್ಪೆ ಎಂದು ತಟ್ಟೆ ತಳ್ಳಬೇಡ, ಚಟ್ನಿಪುಡಿ ಇಟ್ಟಿದ್ದೇನೆ. ಊರ ಸಪ್ಪಲಮ್ಮ ತಾಯಿ ನಿನ್ನ ಕೈ, ಕಣ್ಣು ಎರಡನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ವಾಣಿಶ್ರೀ

ಇನ್ನೊಂದು ಮಾತು: ನೀನು ಕಂಡ ಅಪ್ಪ ಫ್ಯಾಕ್ಟರಿಯ ನೀಲಿ ಅಂಗಿಯವರು. ಕಂಪ್ಯೂಟರ್ ಬಂದು ಕೈಕೆಲಸ ನಿಂತ ಮೇಲೆ ಅವರು ಕುಂಚದ ಮಾತನ್ನೇ ಎತ್ತಲಿಲ್ಲ. ಬಲಗಡೆ ಕೂರುತ್ತಿದ್ದವರು ಅವರೇ. ಅವರು ಹೋಗಿ ವರ್ಷವಾಗುತ್ತ ಬಂತು. ಧಾರೆಯ ಹೊತ್ತಿಗೆ ಪಕ್ಕದಲ್ಲಿ ಇಲ್ಲದಿದ್ದರೂ ನಿನ್ನ ಸೆರಗಿನಲ್ಲಾದರೂ ಇರುತ್ತಾರೆ ಎಂದುಕೊಂಡಿದ್ದೆ. ಕಾರ್ಡು ಹೊಡೆಯುವ ಮೊದಲು ಆ ದಪ್ಪ ಗಿಳಿಯನ್ನು ಇದ್ದ ಹಾಗೇ ವಾಪಸ್ಸು ಕೂರಿಸುತ್ತೀಯಾ, ಮಗಳೇ? ನೀನು ಕಳಿಸಿದ್ದರಲ್ಲಿ ಎರಡೂ ಕಡೆ ನಾನೊಬ್ಬಳೇ ಕೂತಿದ್ದೇನೆ.