ಕೇಳಿಸದ ಕಡೆ ತೆರಪು ಬಿಡಿ

ರಾಯಚೂರು
ಫೆಬ್ರವರಿ ೩೦, ೨೨೯೧

ನಮಗಿಂತ ಎರಡೂವರೆ ಶತಮಾನ ಹಿಂದೆ, ವೈದ್ಯರ ಧ್ವನಿ ಕೇಳಿ ರೋಗಿಗಳ ವಿವರ ಬರೆಯುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತನಾಡಲು ಜನರಿಲ್ಲದೆ ಅದಕ್ಕೆ ತುಕ್ಕು ಹಿಡಿದಿದೆ.

ನಾನು ಚಂಪಾವತಿ, ಇಲ್ಲಿನ ಆಸ್ಪತ್ರೆಯ ಕೊನೆಯ ಕಿವಿಗಾತಿ. ನಿಮ್ಮ ಕೆಲಸಕ್ಕೆ ನಾವಿಟ್ಟ ಹೆಸರು ಅದು. ವೈದ್ಯರು ನಡೆಯುತ್ತಲೇ ಹೇಳಿದ್ದನ್ನೆಲ್ಲ ತುಂಬುಗ ಎಂಬ ಯಂತ್ರ ಬರೆಯುತ್ತದೆ. ಮಾತು ಕೇಳಿಸದಿದ್ದರೆ ಅಲ್ಲಿ ಇರಬಹುದಾದ ಪದವನ್ನು ತಾನೇ ಹಾಕುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೂ ಅದಕ್ಕೆ ನಾಚಿಕೆಯಿಲ್ಲ. ಅಂಥ ಪದವನ್ನು ಅಳಿಸಿ ತೆರಪು, ಅಂದರೆ ಖಾಲಿ ಜಾಗ, ಬಿಡುವುದು ನನ್ನ ಕೆಲಸವಾಗಿತ್ತು. ತೆರಪು ಇರುವವರೆಗೂ ಔಷಧಿ ಹೊರಡುವಂತಿರಲಿಲ್ಲ. ವೈದ್ಯರು ಮಂಚದ ಬಳಿಗೆ ಮರಳಿ ಬಂದು ರೋಗಿಯನ್ನೇ ಕೇಳಬೇಕಿತ್ತು. ಈ ಪದ್ಧತಿ ನಿಮ್ಮಿಂದಲೇ ಬಂದದ್ದಂತೆ.

ಒಮ್ಮೆ ಹಂಪಮ್ಮ ಎಂಬ ಮುದುಕಿಯ ವಿವರದಲ್ಲಿ ಗಾಲಿಕುರ್ಚಿಯ ಸದ್ದಿಗೆ ಒಂದು ಪದ ಮುಚ್ಚಿಹೋಗಿತ್ತು. ತುಂಬುಗ ಎದೆ ಉರಿ ಎಂದು ಬರೆದಿತ್ತು. ನಾನು ಉರಿಯನ್ನು ಅಳಿಸಿದೆ. ಡಾಕ್ಟರು ಗೊಣಗುತ್ತ ವಾರ್ಡಿಗೆ ಹೋದರು. “ಉರಿ ಅಲ್ರಿ, ಹಿಂಡಿದಂಗ ಆಗಾಕತ್ತೈತಿ. ಮುಂಜಾನೆನೂ ಹೇಳೀನ್ರಿ, ನೀವು ನಿಲ್ಲಲಿಲ್ಲ” ಎಂದಳು ಮುದುಕಿ. ಉರಿಯಾಗಿದ್ದರೆ ಹೊಟ್ಟೆಯ ಔಷಧಿ ಕೊಟ್ಟು ಸುಮ್ಮನಾಗುತ್ತಿದ್ದರು. ಹಿಂಡುತ್ತದೆ ಎಂದದ್ದಕ್ಕೆ ಹೃದಯ ನೋಡಿದರು, ಬದುಕಿದಳು. ಸಿಕ್ಕಿದ್ದೇ ಸಾಕೆಂದು ಡಾಕ್ಟರನ್ನು ಕೂರಿಸಿಕೊಂಡು ಸೊಸೆಯ ದೂರನ್ನೂ ಹೇಳಿ ಮುಗಿಸಿದಳು.

ಹೋದ ವರ್ಷ ತೆರಪನ್ನು ರದ್ದು ಮಾಡಿದರು. ತಡವಾಗುತ್ತದಂತೆ. ಈಗ ಅದೇ ವಾರ್ಡಿನಲ್ಲಿ ನಾನು ಮಲಗಿದ್ದೇನೆ. ನನ್ನ ವಿವರದಲ್ಲಿ ತುಂಬುಗ ಕಾಲು ಜೋಮು ಎಂದು ಬರೆದಿದೆ. ಜೋಮಲ್ಲ, ಬಾವು, ದಿನೇ ದಿನೇ ಮೇಲೇರುತ್ತಿದೆ. ಯಾರಿಗೆ ಹೇಳಲಿ? ಗೋಡೆಯ ಕಿಂಡಿಯಿಂದ ಜೋಮಿನ ಗುಳಿಗೆ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಮನುಷ್ಯರು ಬರುವುದಿಲ್ಲ. ನನಗೆ ಸಾವಿನ ಭಯವಿದೆ. ಅದಕ್ಕಿಂತ ಹೆಚ್ಚು, ಒಬ್ಬಳೇ ಇರುವುದು ಸಾಕಾಗಿದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಪದ ಕೇಳಿಸದ ಕಡೆ ಜಾಣತನ ತೋರಿಸಬೇಡಿ, ತೆರಪು ಬಿಡಿ. ವೈದ್ಯರು ಬೈದರೆ ಬೈಸಿಕೊಳ್ಳಿ. ನಮ್ಮ ಕಾಲದವರಿಗೂ ಕಿತ್ತು ಹಾಕಲು ಆಗದಷ್ಟು ಗಟ್ಟಿಯಾಗಿ ಆ ಪದ್ಧತಿಯನ್ನು ಊರಿಬಿಡಿ. ಹಾಗೆ ಮಾಡಿದರೆ ನಾಳೆ ಬೆಳಿಗ್ಗೆ ಯಾರೋ ಒಬ್ಬರು ಗೊಣಗುತ್ತಲಾದರೂ ಈ ಬಾಗಿಲು ತೆರೆದು ಬಂದು, ಏನಾಗುತ್ತಿದೆ ಎಂದು ನನ್ನನ್ನು ಕೇಳುತ್ತಾರೆ.

ನಾನು ಎಚ್ಚರವಾಗಿಯೇ ಇರುತ್ತೇನೆ.

ಚಂಪಾವತಿ