ಅವನು ಎಲ್ಲಿದ್ದಾನೆಂದು ಮೊದಲು ಹೇಳಿ

ಮಾನ್ಯರೇ,

ಹೈದರಾಬಾದಿನಲ್ಲಿ ಜಾಮೀನಿನ ಮೇಲೆ ಹೊರಗಿರುವವರ ಮೇಲೆ ಕಣ್ಣಿಡುವ ಹೊಣೆ ಹೊತ್ತ ಪೊಲೀಸ್ ಅಧಿಕಾರಿಗಳು ನೀವು ಎಂದು ನಂಬಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ. ಆ ಹೊಣೆ ಯಾರದೆಂದು ಈವರೆಗೆ ನನಗೆ ಯಾರೂ ಹೇಳಿಲ್ಲ. ನನ್ನ ದೂರು ಇಷ್ಟೇ: ನನ್ನ ಮಗಳ ಬೆನ್ನು ಹತ್ತಿದವನನ್ನು ನ್ಯಾಯಾಲಯ ಷರತ್ತು ಹಾಕಿ ಬಿಟ್ಟಿತು. ಆ ಷರತ್ತುಗಳನ್ನು ಕಾಯಬೇಕಾದ ನಿಮ್ಮ ಇಲಾಖೆ ಅವನನ್ನು ವಾರಕ್ಕೊಮ್ಮೆ ನಮ್ಮ ಬಾಗಿಲ ಮುಂದೆ ಕರೆಸಿಕೊಂಡಿತು; ಆಮೇಲೆ ನಾವು ಮಗಳನ್ನು ಬಚ್ಚಿಟ್ಟ ಜಾಗವೂ ಅವನಿಗೆ ತಿಳಿಯುವಂತೆ ಮಾಡಿತು. ಬೇಕೆಂದೇ ಮಾಡಿದಿರೋ, ಕಣ್ತಪ್ಪಿನಿಂದ ಆಯಿತೋ ಗೊತ್ತಿಲ್ಲ. ಕಣ್ತಪ್ಪೇ ಆಗಿರಲಿ ಎಂದು ಬಯಸುತ್ತೇನೆ, ಆದರೆ ನಂಬಿಕೆ ಬರುತ್ತಿಲ್ಲ.

ಮಗಳನ್ನು ಇಲ್ಲಿ ಶರ್ವರಿ ಎನ್ನುತ್ತೇನೆ. ನಿಜವಾದ ಹೆಸರು ನಿಮ್ಮ ಕಡತದಲ್ಲಿದೆ. ಅಲ್ಲಿಂದ ಇನ್ನೂ ಎಲ್ಲೆಲ್ಲಿಗೆ ಹೋಗಿದೆಯೋ ದೇವರೇ ಬಲ್ಲ. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅಲ್ಲೇ ಲೆಕ್ಕಪತ್ರ ನೋಡುತ್ತಿದ್ದವನು ಇವನು. ಮೆಟ್ರೋದಲ್ಲಿ ಹಿಂದೆ ಬಂದ, ಬೇರೆ ಬೇರೆ ನಂಬರಿನಿಂದ ಫೋನ್ ಮಾಡಿದ, ಕೊನೆಗೆ ನಾನು ಗುಡಿಗೆ ಹೋಗಿದ್ದಾಗ ಮನೆಯೊಳಗೇ ನುಗ್ಗಿದ. ಅವಳು ಸ್ನಾನದ ಕೋಣೆಯ ಚಿಲಕ ಹಾಕಿಕೊಂಡು ಕೂಗಿದ್ದರಿಂದ ಉಳಿದಳು. ಬಂಧಿಸಿದಿರಿ, ಉಪಕಾರ. ಕೆಲವೇ ವಾರಗಳಲ್ಲಿ ಜಾಮೀನು ಸಿಕ್ಕಿತು. ಅದನ್ನೂ ನಾನು ಪ್ರಶ್ನಿಸುವುದಿಲ್ಲ, ಕಾನೂನು ಎಲ್ಲರಿಗೂ ಒಂದೇ.

ಆದರೆ ಷರತ್ತು ನೋಡಿ. ಮೊದಲನೆಯದು, ಅವನು ದೂರುದಾರಳ ಮನೆಯ ಹತ್ತಿರ ಸುಳಿಯಕೂಡದು. ಎರಡನೆಯದು, ಪ್ರತಿ ಆದಿತ್ಯವಾರ ಪ್ರಕರಣ ದಾಖಲಾದ ಠಾಣೆಗೆ ಬಂದು ಸಹಿ ಮಾಡಬೇಕು. ಎರಡೂ ಓದಲು ಚೆನ್ನಾಗಿವೆ. ಆದರೆ ಆ ಠಾಣೆ ಇರುವುದು ನಮ್ಮ ಗಲ್ಲಿಯ ತುದಿಯಲ್ಲಿ, ಅಲ್ಲಿಗೆ ಹೋಗಲು ನಮ್ಮ ಗೇಟಿನ ಮುಂದೆಯೇ ದಾರಿ. ಈ ಎರಡು ಷರತ್ತುಗಳನ್ನು ಒಬ್ಬರೇ ಒಟ್ಟಿಗೆ ಕೂತು ಓದಿದ್ದರೆ ಇದು ಹೊಳೆಯುತ್ತಿರಲಿಲ್ಲವೇ? ನ್ಯಾಯಾಧೀಶರಿಗೆ ನಮ್ಮ ಗಲ್ಲಿ ಗೊತ್ತಿರಲಿಕ್ಕಿಲ್ಲ. ಅದೇ ಗಲ್ಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ ನಿಮ್ಮವರಿಗೂ ಗೊತ್ತಿರಲಿಲ್ಲವೇ?

ಮೊದಲ ಆದಿತ್ಯವಾರವೇ ಬಂದ. ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ವಾಸನೆ. ಗೇಟಿನ ಎದುರು ಬೈಕ್ ನಿಲ್ಲಿಸಿ ಚಹಾ ಕುಡಿಯುತ್ತ ನಮ್ಮ ಕಿಟಕಿ ನೋಡುತ್ತ ನಿಂತ. ನಾನು ಹೊರಗೆ ಬಂದು ಗದರಿಸಿದರೆ ನಗುತ್ತ, “ಸೈನ್ ಮಾರನೇ ಕು ಆಯಾ ಆಂಟಿ, ಕೋರ್ಟ್ ಬುಲಾಯಾ” ಎಂದ; ಸಹಿ ಹಾಕಲು ಕೋರ್ಟೇ ಕರೆಸಿದೆಯಂತೆ. ಒಳಗೆ ಶರ್ವರಿ ಎಲ್ಲ ಪರದೆ ಎಳೆದು, ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಆ ದಿನ ಅವಳು ಊಟ ಮಾಡಲಿಲ್ಲ.

ಕೆಲವು ವಾರ ಹೀಗೇ ನಡೆದ ಮೇಲೆ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ನಾರಾಯಣಖೇಡದ ಕಡೆಯವರು, ಕನ್ನಡ ಬಲ್ಲವರು. ನಮ್ಮ ಕಡೆಯ ಮಾತು ಕಿವಿಗೆ ಬಿತ್ತೆಂದು ನನಗೆ ಅರ್ಧ ಸಮಾಧಾನವಾಯಿತು. ಹುಚ್ಚು ನನ್ನದು.

“ಅಕ್ಕಾರ, ನೀವ್ ಸುಮ್ನ ಹೆದರಾಕತ್ತೀರಿ. ಅಂವ ಒಂದ್ ವಾರಾನೂ ತಪ್ಸಂಗಿಲ್ರಿ, ಭಾಳ ರೆಗ್ಯುಲರ್ ಅದಾನ” ಎಂದರು.

“ಅಂವ ರೆಗ್ಯುಲರ್ ಬರಾಕತ್ತಾನ ಅಂತನ ನಾ ದೂರು ಕೊಡಾಕ ಬಂದೀನ್ರಿ” ಎಂದೆ.

“ಅದಕ್ಕ ನಾವೇನ್ ಮಾಡೋದ್ರಿ? ಬರಲಿಲ್ಲಂದ್ರ ಜಾಮೀನ ಕ್ಯಾನ್ಸಲ್ ಆಗ್ತೈತಿ.”

ಅಂದರೆ, ಮಾನ್ಯರೇ, ಅವನು ನಮ್ಮ ಮನೆಯ ಮುಂದೆ ಹಾಯದಿದ್ದರೆ ತಪ್ಪಿತಸ್ಥ, ಹಾಯ್ದರೆ ಸಭ್ಯ.

ಸಹಿಯ ಜಾಗ ಬದಲಿಸಿರೆಂದು ಠಾಣೆಯ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟೆ. ಅಷ್ಟರಲ್ಲಿ ಮಗಳನ್ನು ಸನತ್‌ನಗರದ ನನ್ನ ಅಕ್ಕ ಗೋದಾಬಾಯಿಯ ಮನೆಗೆ ಕಳಿಸಿದೆ. ಬಂಧುಬಳಗಕ್ಕೂ ಸುದ್ದಿ ಬಿಡಲಿಲ್ಲ, ಉಪ್ಪಲ್‌ನಲ್ಲಿರುವ ನನ್ನ ಸ್ವಂತ ತಮ್ಮನಿಗೂ ಹೇಳಲಿಲ್ಲ. ನಿಮ್ಮ ಠಾಣೆ ಮಾತ್ರ “ಹುಡುಗಿ ಈಗ ಇರುವ ವಿಳಾಸ ಕಡ್ಡಾಯ” ಎಂದಿತು. ನಾನು ಇಡೀ ಆಯುಷ್ಯ ಸರಕಾರಿ ಕಚೇರಿಯಲ್ಲಿ ದುಡಿದವಳು; ಸರಕಾರ ಕೇಳಿದರೆ ಕೊಡಬೇಕೆಂದು ನನ್ನ ಮೈಗೆ ರೂಢಿಯಾಗಿದೆ. ಕೊಟ್ಟೆ. ಆ ವಿಳಾಸ ಅರ್ಜಿಯ ಜೊತೆ ನ್ಯಾಯಾಲಯಕ್ಕೆ ಹೋಯಿತು, ಅದರ ಪ್ರತಿ ಪದ್ಧತಿಯಂತೆ ಆರೋಪಿಯ ವಕೀಲರಿಗೆ ಹೋಯಿತು. ವಾದ ಅವನಿಗೆ ತಿಳಿಯಬೇಕು, ಒಪ್ಪುತ್ತೇನೆ. ಅಕ್ಕನ ಮನೆಯ ನಂಬರೂ ತಿಳಿಯಬೇಕಿತ್ತೇ? ಆ ಒಂದು ಸಾಲನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಲು ಯಾರು ಅಡ್ಡ ಬಂದಿದ್ದರು? ಬೇಲಿಯೇ ಎದ್ದು ಹೊಲ ಮೇಯಿತೆಂದು ನಾನು ಹೇಳುವುದಿಲ್ಲ. ದನಕ್ಕೆ ದಾರಿ ತೋರಿಸಿತು ಎಂದಷ್ಟೇ ಹೇಳುತ್ತೇನೆ.

ಒಂದು ಬುಧವಾರ ಸಂಜೆ ಅಕ್ಕನ ಮನೆಯ ಗಂಟೆ ಬಾರಿಸಿತು. ಬಾಗಿಲಲ್ಲಿ ಅವನು. “ಶರ್ವರಿ ಹೈ ಕ್ಯಾ?” ಎಂದು, ಅವಳು ಮನೆಯಲ್ಲಿದ್ದಾಳೆಯೇ ಎಂದು ನೆಂಟರ ಹಾಗೆ ಕೇಳಿದ. ಅಕ್ಕ ಬಾಗಿಲು ದಬ್ಬಿ ಮುಚ್ಚಿದಳು. ನಾನು ಠಾಣೆಗೆ ಓಡಿದರೆ, ಅದೇ ಹೆಡ್ ಕಾನ್‌ಸ್ಟೇಬಲ್ ಆದೇಶ ತೆಗೆದು ಎರಡು ಸಲ ಓದಿ, “ಇದರಾಗ ಸನತ್‌ನಗರ ಇಲ್ಲಲ್ರಿ ಅಕ್ಕಾರ. ನಿಮ್ಮ ಹಳೇ ಮನೀದ್ ಅಷ್ಟ ಐತಿ” ಎಂದರು. ಸಹಿಯ ಅರ್ಜಿ ಏನಾಯಿತೆಂದು ಕೇಳಿದೆ. ಪರಿಶೀಲನೆಯಲ್ಲಿದೆಯಂತೆ. ಅವನಿಗೆ ತಲುಪಿದ ಅರ್ಜಿ ನಿಮಗೆ ಮಾತ್ರ ಇನ್ನೂ ತಲುಪಿಲ್ಲ.

ಇದನ್ನು ಕನ್ನಡದಲ್ಲಿ ಏಕೆ ಬರೆದೆ ಎಂದು ಕೇಳಬಹುದು. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದಾಗಿದೆ, ಅವನ್ನು ಎಲ್ಲರಿಗಿಂತ ಗಮನವಿಟ್ಟು ಓದಿದವನು ಆರೋಪಿ. ಕನ್ನಡವಾದರೆ ಅವನಿಗೆ ಸ್ವಲ್ಪ ತೊಂದರೆಯಾದೀತು. ನಿಮ್ಮಲ್ಲಿ ಓದಬಲ್ಲವರು ಇದ್ದಾರೆಂದು ನನಗೆ ಗೊತ್ತು.

ಕಳೆದ ವಾರ ಠಾಣೆಯಿಂದ ಅದೇ ಹೆಡ್ ಕಾನ್‌ಸ್ಟೇಬಲ್ ಫೋನ್ ಮಾಡಿದರು. ಸನತ್‌ನಗರವನ್ನೂ ಬಿಟ್ಟುಹೋದ ಶರ್ವರಿಯ ಹೊಸ ವಿಳಾಸ ಬೇಕಂತೆ, ರಕ್ಷಣೆಗೆ ಗಸ್ತು ಹಾಕುತ್ತಾರಂತೆ.

“ಕೊಡೋಣ್ರಿ. ಮೊದ್ಲ ಹೇಳ್ರಿ, ಅಂವ ಈಗ ಎಲ್ಲದಾನ?” ಎಂದೆ.

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿತು. ಆಮೇಲೆ, “ಆದಿತ್ವಾರ ಬರ್ತಾನಲ್ರಿ, ಸೈನ್ ಮಾಡಾಕ.”

ಆದ್ದರಿಂದ ಕೇಳುತ್ತೇನೆ. ಅವನ ಸಹಿ ನಮ್ಮ ಗಲ್ಲಿಯಿಂದ ದೂರದ ಯಾವುದಾದರೂ ಠಾಣೆಗೆ ಹೋಗಲಿ. ವಾರದ ಉಳಿದ ಆರು ದಿನ ಅವನು ಎಲ್ಲಿರುತ್ತಾನೆಂದು ತಿಳಿದಿರಬೇಕಾದ ಒಬ್ಬ ಅಧಿಕಾರಿಯ ಹುದ್ದೆ ಮತ್ತು ಫೋನ್ ನಂಬರನ್ನು ನಮಗೆ ಬರಹದಲ್ಲಿ ಕೊಡಿ. ಅವನ ಕಾಲಿಗೆ, ಇರುವ ಜಾಗ ತೋರಿಸುವ ಯಂತ್ರ ಕಟ್ಟುತ್ತೀರೋ, ಫೋನಿನ ಜಾಡು ಹಿಡಿಯುತ್ತೀರೋ, ನ್ಯಾಯಾಲಯದ ಅನುಮತಿ ಪಡೆದು ಮಾಡಿ. ಷರತ್ತು ಮನೆಯ ನಂಬರಿಗೆ ಅಂಟಿಕೊಂಡಿರಬಾರದು. ಹುಡುಗಿ ಎಲ್ಲಿದ್ದರೂ ಅವಳ ಜೊತೆ ಹೋಗಬೇಕು. ಅವನು ಹತ್ತಿರ ಬಂದರೆ ಸುದ್ದಿ ನಿಮ್ಮಿಂದ ನಮಗೆ ಬರಬೇಕು, ನಮ್ಮಿಂದ ನಿಮಗಲ್ಲ.

ಇನ್ನು ಅವಳ ವಿಳಾಸದ ಮಾತು. ಸನತ್‌ನಗರದಿಂದ ಹೊರಡುವ ದಿನ, ಎಲ್ಲಿಗೆ ಎಂದು ನಾನು ಕೇಳಿದೆ. ಶರ್ವರಿ ಚೀಲದ ಜಿಪ್ಪು ಎಳೆಯುತ್ತ ಹೇಳಿದಳು: “ಬ್ಯಾಡವ್ವಾ. ನಿನಗ ಹೇಳಿದ್ರ ಅವರು ಕೇಳ್ತಾರ. ಅವರು ಕೇಳಿದ್ರ ನೀ ಕೊಡ್ತಿ.” ಸಿಟ್ಟಿನಿಂದ ಹೇಳಲಿಲ್ಲ. ನನ್ನ ಕೆನ್ನೆ ಮುಟ್ಟಿ ಹೊರಟಳು.

ಇಂತಿ,
ಮಗಳು ಎಲ್ಲಿದ್ದಾಳೆಂದು ತಿಳಿಯುವ ಹಕ್ಕು ಕಳೆದುಕೊಂಡ
ಒಬ್ಬ ತಾಯಿ